ಕಾಲ್ವ್ ಮನೆತನವೂ ಸರ್ವಾಧಿಕಾರದ ಕಾಲದ ಪುಸ್ತಕವಿಮರ್ಶೆಯೂ

ವಿಜಯವಾಡದಲ್ಲಿ, ಮದರಾಸಿನಿಂದ ಕಲ್ಕತ್ತೆಯತ್ತ ಸಾಗುವ ಹೆದ್ದಾರಿಯನ್ನು ಹೈದರಾಬಾದಿನಿಂದ ಮಚಲೀಪಟ್ಟಣಕ್ಕೆ ಇಳಿಯುವ ಹೆದ್ದಾರಿಯು ಹಾಯುವ ಎಡೆಗೆ ಬೆಂಜ್ ಸರ್ಕಲ್ ಎಂಬ ಹೆಸರಿದೆ. 1886ರಲ್ಲಿ ಮೂರು ಗಾಲಿಯ ಮೋಟಾರು ಬಂಡಿಗೆ ಹಕ್ಕುಪತ್ರವನ್ನು ಪಡೆದ ಮಾನ್‌ಹೈಮಿನ ಕಾರ್ಲ್ ಬೆಂಜನ ಹೆಸರು ಕೃಷ್ಣಾತೀರದ ಬಸ್ಸು ಲಾರಿಗಳ ಜನಕ್ಕೆ ದಿನಬಳಕೆಯ ಮಾತಾಗಿಹೋಗಿರುವುದು, ಜರ್ಮನಿಯು ಆ ಸೀಮೆಗೆ ಯಂತ್ರದ ರೂಪದಲ್ಲಿ ಬಂದುದಕ್ಕೆ ಸಾಕ್ಷಿಯಾಗಿದೆ. ಪಶ್ಚಿಮ ಕರಾವಳಿಗಾದರೋ ಅದೇ ದೇಶವು ಅದಕ್ಕೂ ಬಹುಮುಂಚೆ ಅಕ್ಷರದ ರೂಪದಲ್ಲಿ ಬಂದಿದ್ದಿತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು 1841ರಲ್ಲಿ ಅಲ್ಲಿ ಮುದ್ರಣಾಲಯವನ್ನು ತೆರೆದರು, 1843ರಲ್ಲಿ ಹೆರ್ಮನ್ ಮೋಗ್ಲಿಂಗರು ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು, 1894ರಲ್ಲಿ ಫರ್ಡಿನೆಂಡ್ ಕಿಟ್ಟೆಲರ ನಿಘಂಟು ಅದೇ ಊರಿನಲ್ಲಿ ಅಚ್ಚಾಗಿ ಹೊರಬಂದಿತು. ಮೋಗ್ಲಿಂಗರ ಸಹಾಧ್ಯಾಯಿಯೂ ಆಪ್ತಮಿತ್ರರೂ ಆಗಿದ್ದ ಹೆರ್ಮನ್ ಗುಂಡರ್ಟರು ತಲಚೇರಿಯಲ್ಲಿ ನೆಲಸಿ ಮಲಯಾಳಕ್ಕೆ ವ್ಯಾಕರಣವನ್ನು ರಚಿಸಿ, 1872ರಲ್ಲಿ ಮಂಗಳೂರಿನ ಅಚ್ಚುಕೂಟದಿಂದಲೇ ತಮ್ಮ ಮಹಾನಿಘಂಟನ್ನು ಬೆಳಕಿಗೆ ತಂದರು. ಈ ವಿದ್ವಾಂಸರಲ್ಲಿ ಹಲವರನ್ನು ರೂಪಿಸಿದ ಸ್ವಾಬಿಯಾ ಪ್ರಾಂತದ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು 1896ರಲ್ಲಿ ಕಿಟ್ಟೆಲರಿಗೆ ಗೌರವ ಡಾಕ್ಟರ್ ಪದವಿಯನ್ನಿತ್ತು ತನ್ನನ್ನು ತಾನು ಗೌರವಿಸಿಕೊಂಡಿತು.

ಇಷ್ಟು ಮಾತು ಕನ್ನಡದ ಓದುಗರಿಗೆ ಹೊಸದಲ್ಲ. ಈ ವಿದ್ಯೆಯ ವಾರಸುದಾರರು ಮುಂದೆ, ತಮ್ಮ ದೇಶವೇ ಪುಸ್ತಕಗಳನ್ನು ಬೆಂಕಿಗೆ ಹಾಕಿದ ದಿನಗಳಲ್ಲಿ, ಹೇಗೆ ನಡೆದುಕೊಂಡರೆಂಬುದನ್ನು ಮಾತ್ರ ನಮ್ಮಲ್ಲಿ ವಿಚಾರಿಸಿದವರು ವಿರಳ. ಕಿಟ್ಟೆಲರ ಪ್ರತಿಮೆಗೆ ಹಾರ ಹಾಕುವ ನಮಗೆ ಆ ವಿಚಾರದ ಹೊಣೆಯೂ ಇದೆಯೆಂದು ನಾನು ನಂಬುತ್ತೇನೆ.

ಗುಂಡರ್ಟರು 1859ರಲ್ಲಿ ಆರೋಗ್ಯ ಕೆಟ್ಟು ಭಾರತವನ್ನು ಬಿಟ್ಟು, ಕರಿಯಕಾಡಿನ ಅಂಚಿನಲ್ಲಿರುವ ಕಾಲ್ವ್ ಎಂಬ ಸಣ್ಣ ಊರಿನಲ್ಲಿ ಧರ್ಮಗ್ರಂಥಗಳ ಪ್ರಕಾಶನ ಸಂಸ್ಥೆಯ ಹೊಣೆಯನ್ನು ವಹಿಸಿಕೊಂಡರು. 1842ರಲ್ಲಿ ಮಲಬಾರಿನಲ್ಲಿಯೇ ಜನಿಸಿದ್ದ ಅವರ ಮಗಳು ಮರಿಯಳು ಮೊದಲ ಪತಿಯನ್ನು ಕಳೆದುಕೊಂಡು ತಂದೆಯ ಮನೆಯಲ್ಲಿದ್ದಾಗ, 1869ರಲ್ಲಿ ಮಂಗಳೂರಿಗೆ ಪಾದ್ರಿಯಾಗಿ ಬಂದು ನಾಲ್ಕು ವರ್ಷಗಳಲ್ಲಿಯೇ ಅಲ್ಲಿನ ಹವೆ ಒಗ್ಗದೆ ಹಿಂದಿರುಗಿದ್ದ ಯೋಹಾನಸ್ ಹೆಸ್ಸೆ ಎಂಬ ತರುಣನು ಗುಂಡರ್ಟರ ಸಹಾಯಕನಾಗಿ ಕಾಲ್ವ್‌ಗೆ ಬಂದನು. ಇವರಿಬ್ಬರ ಮಗನಾಗಿ 1877ರ ಜುಲೈ 2ರಂದು ಹುಟ್ಟಿದವನೇ ಮುಂದೆ ‘ಸಿದ್ಧಾರ್ಥ’ವನ್ನು ಬರೆದ ಹೆರ್ಮನ್ ಹೆಸ್ಸೆ. ತಾಯಿಯ ನೆನಪಿನಲ್ಲಿ ತಲಚೇರಿ, ತಂದೆಯ ನೆನಪಿನಲ್ಲಿ ಮಂಗಳೂರು, ಅಜ್ಜನ ಗಾಜಿನ ಕಪಾಟಿನೊಳಗೆ ಭಾರತದಿಂದ ಬಂದ ಪುಟ್ಟದೊಂದು ದೇವವಿಗ್ರಹ: ಇವುಗಳ ನಡುವೆ ಬೆಳೆದ ಆ ಬಾಲಕನಿಗೆ ಮಾತ್ರ ಕೊನೆಯವರೆಗೂ ಈ ನೆಲವನ್ನು ಮೆಟ್ಟುವ ಯೋಗ ಒದಗಲಿಲ್ಲ. 1911ರಲ್ಲಿ ಆತನು ಕೈಗೊಂಡ ಪೂರ್ವದೇಶದ ಯಾತ್ರೆಯು ಸಿಂಹಳ, ಸಿಂಗಾಪುರ, ಸುಮಾತ್ರಗಳನ್ನು ಸುತ್ತಿ, ಮಲಬಾರಿನ ತೀರವನ್ನು ಮುಟ್ಟದೆಯೇ ಮುಗಿಯಿತು.

‘ಸಿದ್ಧಾರ್ಥ’ವು ಪ್ರಕಟವಾದುದು 1922ರಲ್ಲಿ. ಅದರ ಎರಡು ಭಾಗಗಳಿಗೆ ಎರಡು ಅರ್ಪಣೆಗಳಿವೆ. ಮೊದಲನೆಯದು ರೊಮಾಂ ರೊಲಾಂಗೆ ಸಂದಿದೆ. 1914ರ ನವೆಂಬರಿನಲ್ಲಿ ಹೆಸ್ಸೆಯು ಯುದ್ಧೋನ್ಮಾದದ ವಿರುದ್ಧ ಜ್ಯೂರಿಚ್‌ನ ಪತ್ರಿಕೆಯೊಂದರಲ್ಲಿ ಬರೆದು ಸ್ವದೇಶದ ನಿಂದೆಗೆ ಗುರಿಯಾದಾಗ ಆತನ ಕೈಹಿಡಿದ ಫ್ರೆಂಚ್ ಮಿತ್ರನು ಈತ. ಎರಡನೆಯದು ವಿಲ್ಹೆಲ್ಮ್ ಗುಂಡರ್ಟನಿಗೆ. ಅದೇ ಅಜ್ಜನ ಇನ್ನೊಬ್ಬ ಮೊಮ್ಮಗ, ಜಪಾನಿನಲ್ಲಿ ದೀರ್ಘಕಾಲವಿದ್ದು ಅಲ್ಲಿಯ ಧರ್ಮವನ್ನೂ ಭಾಷೆಯನ್ನೂ ಕಲಿತ ಪಂಡಿತ. 1922ರ ಬೇಸಗೆಯಲ್ಲಿ ಲುಗಾನೋ ನಗರದ ಶಾಂತಿಸಮ್ಮೇಳನವೊಂದರಲ್ಲಿ ಹೆಸ್ಸೆಯು ಕಾದಂಬರಿಯ ಕೊನೆಯ ಭಾಗವನ್ನು ಓದಿದಾಗ ಕೇಳಿ ಮೆಚ್ಚಿದವರಲ್ಲಿ ಬಂಗಾಳದ ಇತಿಹಾಸಜ್ಞ ಕಾಳಿದಾಸ ನಾಗರೂ ಒಬ್ಬರು. ಆ ಇಬ್ಬರು ಮೊಮ್ಮಕ್ಕಳ ಹಾದಿಗಳು ಹತ್ತು ವರ್ಷಗಳ ಆಚೆ ಎಷ್ಟು ದೂರ ಸರಿಯಲಿದ್ದವೆಂಬುದನ್ನು ಅಂದು ಯಾರೂ ಊಹಿಸಿರಲಾರರು.

1933ರ ಜನವರಿ 30ರಂದು ಹಿಟ್ಲರನು ಅಧಿಕಾರಕ್ಕೆ ಬಂದನು. ಮೇ 10ರ ರಾತ್ರಿ ಬರ್ಲಿನ್ನಿನಲ್ಲಿಯೂ ಇತರ ವಿದ್ಯಾನಗರಗಳಲ್ಲಿಯೂ ವಿದ್ಯಾರ್ಥಿಗಳೇ ಗ್ರಂಥಗಳನ್ನು ರಾಶಿಹಾಕಿ ಸುಟ್ಟರು. ಆ ಜ್ವಾಲೆ ಜಗತ್ತಿನ ಕಣ್ಣಿಗೆ ಬಿದ್ದಿತು. ಆದರೆ ಸಾಹಿತ್ಯವನ್ನು ನಿಜವಾಗಿ ಉಸಿರುಕಟ್ಟಿಸಿದುದು ಅದೇ ವರ್ಷದ ಸೆಪ್ಟೆಂಬರ್ 22ರಂದು ಹೊರಟ, ಬೆಂಕಿಯೂ ಹೊಗೆಯೂ ಇಲ್ಲದ ಒಂದು ಶಾಸನ. ಅದರಂತೆ ರಾಷ್ಟ್ರೀಯ ಸಂಸ್ಕೃತಿ ಮಂಡಲಿಯೊಂದು ಸ್ಥಾಪಿತವಾಗಿ, ಲೇಖಕನೂ ಪ್ರಕಾಶಕನೂ ಪುಸ್ತಕದ ಅಂಗಡಿಯವನೂ ಅದರ ಸದಸ್ಯರಾಗಿದ್ದಲ್ಲದೆ ತಮ್ಮ ಕಸುಬನ್ನು ನಡೆಸುವಂತಿಲ್ಲವೆಂದಾಯಿತು. ಯೆಹೂದ್ಯರಿಗೂ ಆಳುವ ಪಕ್ಷವು ಒಲ್ಲದವರಿಗೂ ಆ ಸದಸ್ಯತ್ವವು ಇಲ್ಲವಾಯಿತು. ಒಬ್ಬನ ಬರಹವನ್ನು ನಿಷೇಧಿಸುವ ಶ್ರಮವನ್ನೇ ತೆಗೆದುಕೊಳ್ಳದೆ, ಬರೆಯುವವನನ್ನೇ ಪಟ್ಟಿಯಿಂದ ಬಿಡುವ ಈ ಉಪಾಯವು ನೂರು ಚಿತೆಗಳಿಗಿಂತ ಸಮರ್ಥವಾಗಿದ್ದಿತು.

ಬಾಸೆಲ್ ಮಿಶನ್ನಿನ ವಿದ್ಯೆಯ ಇನ್ನೊಬ್ಬ ವಾರಸುದಾರನು ರಂಗಕ್ಕೆ ಬಂದುದು ಈ ವರ್ಷದಲ್ಲಿಯೇ. ಯಾಕೋಬ್ ವಿಲ್ಹೆಲ್ಮ್ ಹಾವರ್ ಎಂಬವನು 1907ರಿಂದ 1911ರವರೆಗೆ ಮಿಶನ್ನಿನ ಪಾದ್ರಿಯಾಗಿ ಪಾಲ್ಘಾಟಿನಲ್ಲಿದ್ದು, ಅಲ್ಲಿಯ ಧರ್ಮಗಳ ಪರಿಚಯದಿಂದ ತನ್ನ ಮತಶ್ರದ್ಧೆಯೇ ಸಡಿಲಿ, ಸಂಸ್ಕೃತವನ್ನು ಅಭ್ಯಾಸಮಾಡಿ, 1927ರಲ್ಲಿ ಟ್ಯೂಬಿಂಗೆನ್ನಿನ ಪ್ರಾಧ್ಯಾಪಕನಾದವನು. ಯೋಗಶಾಸ್ತ್ರದ ಮೇಲೆ ಆತನು ಮಾಡಿದ ಪರಿಶ್ರಮ ಅಲ್ಪವಲ್ಲ. ಇಂತಹವನು 1933ರಲ್ಲಿ ‘ಜರ್ಮನ್ ಶ್ರದ್ಧಾ ಆಂದೋಲನ’ವೆಂಬುದರ ನಾಯಕನಾಗಿ, ಮರುವರ್ಷ ಹಿಟ್ಲರನ ಕರಿಯಂಗಿಯ ದಳವನ್ನು ಸೇರಿ, ಅದೇ 1934ರಲ್ಲಿ ಭಗವದ್ಗೀತೆಯನ್ನು ಇಂಡೋ ಆರ್ಯರ ಯುದ್ಧ ಮತ್ತು ಕರ್ಮಗಳ ತತ್ತ್ವಶಾಸ್ತ್ರವೆಂದು ನಿರೂಪಿಸುವ ಗ್ರಂಥವೊಂದನ್ನು ಪ್ರಕಟಿಸಿದನು. ಕುರುಕ್ಷೇತ್ರದಲ್ಲಿ ಬಿಲ್ಲನ್ನು ಕೆಳಗಿಟ್ಟು ಕುಳಿತವನ ವಿಷಾದದಿಂದ ಆರಂಭವಾಗುವ ಗ್ರಂಥವನ್ನು, ವಿಷಾದವೆಂಬುದನ್ನೇ ಅರಿಯದ ಒಂದು ಸೈನ್ಯದ ಕೈಗೆ ಧ್ವಜವಾಗಿ ಕೊಡುವುದು ಸಾಧ್ಯವೆಂದು ಒಬ್ಬ ವಿದ್ವಾಂಸನಿಗೆ ತೋರಿದುದು ನನಗೆ ಇಂದಿಗೂ ನೋವಿನ ಸಂಗತಿ. ಹೆಸ್ಸೆಯ ದಾಯಾದಿ ವಿಲ್ಹೆಲ್ಮ್ ಗುಂಡರ್ಟನೂ ಜಪಾನಿನಿಂದ ಮರಳಿ ಹ್ಯಾಂಬರ್ಗಿನಲ್ಲಿ ಪ್ರಾಧ್ಯಾಪಕನಾಗಿ, ಹಿಟ್ಲರನ ಪಕ್ಷದ ಸದಸ್ಯನಾಗಿದ್ದುಕೊಂಡು, 1938ರಿಂದ 1941ರವರೆಗೆ ಆ ವಿಶ್ವವಿದ್ಯಾಲಯದ ಮುಖ್ಯಸ್ಥನ ಪೀಠದಲ್ಲಿ ಕುಳಿತನು. ಪೂರ್ವದೇಶಗಳ ಜ್ಞಾನವು ಮನುಷ್ಯನನ್ನು ತಾನಾಗಿಯೇ ಉದಾರನನ್ನಾಗಿ ಮಾಡುವುದೆಂಬ ನಂಬಿಕೆಯು ನಮ್ಮಲ್ಲಿ ಬಹುಜನಕ್ಕೆ ಪ್ರಿಯವಾದುದು. ಕಾಲ್ವ್ ಮತ್ತು ಟ್ಯೂಬಿಂಗೆನ್ನುಗಳ ಚರಿತ್ರೆಯು ಆ ನಂಬಿಕೆಗೆ ಆಸರೆ ಕೊಡುವುದಿಲ್ಲ.

ಹೆಸ್ಸೆಯು ಆ ವೇಳೆಗೆ ಜರ್ಮನಿಗೆ ಪರದೇಶಿಯಾಗಿದ್ದನು. 1919ರಿಂದ ಸ್ವಿಟ್ಜರ್ಲೆಂಡಿನ ದಕ್ಷಿಣದ ತುದಿಯ ಮೊಂಟಾನ್ಯೋಲಾ ಎಂಬ ಹಳ್ಳಿಯಲ್ಲಿ ವಾಸಿಸಿ, 1924ರಲ್ಲಿ ಆ ದೇಶದ ಪೌರತ್ವವನ್ನು ಪಡೆದಿದ್ದನು. 1930ರಲ್ಲಿಯೇ, ಬರಲಿರುವುದರ ವಾಸನೆ ಹಿಡಿದು, ಪ್ರಷ್ಯಾದ ಕಲಾ ಅಕಾಡೆಮಿಗೆ ರಾಜೀನಾಮೆಯಿತ್ತಿದ್ದನು. 1931ರಲ್ಲಿ ಆತನನ್ನು ವರಿಸಿದ ನೀನೊನಳು ಚೆರ್ನೊವಿಟ್ಜ್ ನಗರದ ಯೆಹೂದ್ಯ ಮನೆತನದವಳು, ಕಲೆಯ ಇತಿಹಾಸವನ್ನು ಅಭ್ಯಸಿಸಿದವಳು. ಕಣ್ಣಿನ ವ್ಯಾಧಿಯಿಂದ ನರಳುತ್ತಿದ್ದ ಗಂಡನಿಗೆ ಆಕೆ ಸಂಜೆಯ ಹೊತ್ತು ಪುಸ್ತಕಗಳನ್ನು ಗಟ್ಟಿಯಾಗಿ ಓದಿಹೇಳುತ್ತಿದ್ದಳು. 1933ರ ಮಾರ್ಚಿನಲ್ಲಿ ಕಾದಂಬರಿಕಾರ ಥಾಮಸ್ ಮನ್ನನೂ ನಾಟಕಕಾರ ಬ್ರೆಖ್ಟನೂ ಜರ್ಮನಿಯನ್ನು ತೊರೆದು ಬಂದ ಹೊಸತರಲ್ಲಿ ಆ ಮನೆಯ ಬಾಗಿಲಿಗೆ ಬಂದರು.

ಇಂತಹ ಸ್ಥಿತಿಯಲ್ಲಿ ಹೆಸ್ಸೆ ಆರಿಸಿಕೊಂಡ ಕಾರ್ಯವು ಹೊರನೋಟಕ್ಕೆ ಅತ್ಯಂತ ಸಾಧಾರಣವಾದುದು: ಹೊಸ ಪುಸ್ತಕಗಳ ಪರಿಚಯವನ್ನು ಬರೆಯುವುದು. ಸ್ಟಾಕ್‌ಹೋಮಿನ ಬೋನ್ಯೆರ್ ಎಂಬ ಯೆಹೂದ್ಯ ಮನೆತನದ ಪ್ರಕಾಶಕರು 1932ರಿಂದ ಒಂದು ಸಾಹಿತ್ಯ ಮಾಸಪತ್ರಿಕೆಯನ್ನು ನಡೆಸುತ್ತಿದ್ದರು. ಅದರ ಸ್ವೀಡಿಷ್ ಓದುಗರಿಗಾಗಿ ಹೆಸ್ಸೆಯು 1935ರಿಂದ 1936ರವರೆಗೆ ಜರ್ಮನ್ ಭಾಷೆಯ ಹೊಸ ಗ್ರಂಥಗಳ ಕುರಿತು ವರದಿಗಳನ್ನು ಕಳುಹಿಸಿದನು. ಇವುಗಳಲ್ಲಿ ಘೋಷಣೆಯಿಲ್ಲ, ಹಿಟ್ಲರನ ನಿಂದೆಯಿಲ್ಲ. ಇದ್ದ ವಿಶೇಷವಿಷ್ಟೇ: ಜರ್ಮನಿಯೊಳಗೆ ಉಳಿದವರ ಪುಸ್ತಕವೂ, ಅಲ್ಲಿಂದ ಓಡಿಬಂದವರ ಪುಸ್ತಕವೂ, ಕ್ರೈಸ್ತನದೂ, ಯೆಹೂದ್ಯನದೂ, ಒಂದೇ ಭಾಷೆಯ ಒಂದೇ ಸಾಹಿತ್ಯದ ಅಂಗಗಳಾಗಿ ಒಂದೇ ಪಂಕ್ತಿಯಲ್ಲಿ ಕುಳಿತಿದ್ದವು. ಜರ್ಮನಿಯ ಪತ್ರಿಕೆಗಳಲ್ಲಿ ಯೆಹೂದ್ಯ ಲೇಖಕರನ್ನು ಹೊಗಳುವವರು ಇಲ್ಲವಾದುದರಿಂದ ಅವರ ಕಡೆಗೆ ಹೆಸ್ಸೆಯು ಬೇಕೆಂದೇ ಹೆಚ್ಚಿನ ಗಮನವಿತ್ತನು. ಪಂಕ್ತಿಭೇದವನ್ನು ಕಂಡುಬಲ್ಲ ನಮ್ಮ ದೇಶದ ಓದುಗನಿಗೆ ಇದರ ತೂಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಾಫ್ಕಾನ ಉದಾಹರಣೆಯೊಂದು ಸಾಕು. 1924ರಲ್ಲಿ ತೀರಿಕೊಂಡ ಪ್ರಾಗ್ ನಗರದ ಆ ಲೇಖಕನ ಕೃತಿಗಳನ್ನು ಮಿತ್ರ ಮಾಕ್ಸ್ ಬ್ರೋಡನು ಸಂಪಾದಿಸಿ, ಬರ್ಲಿನ್ನಿನ ಶೊಕನ್ ಎಂಬ ಯೆಹೂದ್ಯ ಪ್ರಕಾಶನದಿಂದ 1935ರಲ್ಲಿ ಸಮಗ್ರವಾಗಿ ಹೊರತರಲಾರಂಭಿಸಿದನು. ಯೆಹೂದ್ಯನ ಪುಸ್ತಕವನ್ನು ಯೆಹೂದ್ಯನು ಅಚ್ಚುಹಾಕಿ ಯೆಹೂದ್ಯರಿಗೆ ಮಾರಿಕೊಳ್ಳಲಿ ಎಂಬುದು ಅಂದಿನ ಸರ್ಕಾರದ ನೀತಿ. ಆ ಸಂಪುಟಗಳು ಗೋಡೆಯನ್ನು ದಾಟಿ ಹೊರಗಿನವರ ಮೆಚ್ಚಿಕೆಯನ್ನು ಪಡೆಯತೊಡಗಿದಾಗ ಬರ್ಲಿನ್ನಿನಲ್ಲಿ ಅವಕ್ಕೆ ಎಡೆಯಿಲ್ಲದಂತಾಗಿ, ಉಳಿದವು ಪ್ರಾಗಿನಿಂದ ಹೊರಡಬೇಕಾಯಿತು. ಕಾಫ್ಕಾನ ಹೆಸರನ್ನು ಬಲ್ಲವರು ಯೂರೋಪಿನಲ್ಲಿ ಕೆಲವರೇ ಇದ್ದ ಆ ಕಾಲದಲ್ಲಿ ಆತನನ್ನು ಮಹಾಲೇಖಕನೆಂದು ಮತ್ತೆಮತ್ತೆ ಸಾರಿದವರಲ್ಲಿ ಹೆಸ್ಸೆಯು ಮುಖ್ಯನು.

ಜರ್ಮನಿಯ ಸರ್ಕಾರಭಕ್ತ ವಿಮರ್ಶಕರು ಇದನ್ನು ಸಹಿಸಲಿಲ್ಲ. ವಿಲ್ ವೆಸ್ಪರ್ ಎಂಬವನು, ಡ್ರೆಸ್ಡನ್ನಿನ ಪುಸ್ತಕದಹನದಲ್ಲಿ ಭಾಷಣ ಮಾಡಿದವನು, ‘ನವಸಾಹಿತ್ಯ’ ಎಂಬ ಅರ್ಥದ ಹೆಸರುಳ್ಳ ತನ್ನ ಪತ್ರಿಕೆಯಲ್ಲಿ 1935ರ ಕೊನೆಗೆ ಹೆಸ್ಸೆಯ ಮೇಲೆ ಹರಿಹಾಯ್ದು, ಈತನು ಯೆಹೂದ್ಯರ ದುಡ್ಡಿಗೆ ಜರ್ಮನ್ ಕಾವ್ಯವನ್ನು ಪರರಿಗೆ ಮಾರಿಕೊಂಡ ದ್ರೋಹಿಯೆಂದು ಬರೆದನು. ಅದಾಗಿ ಕೆಲವೇ ವಾರಗಳಲ್ಲಿ, 1936ರ ಜನವರಿಯಲ್ಲಿ, ಪ್ಯಾರಿಸಿನಲ್ಲಿ ನಿರಾಶ್ರಿತರು ನಡೆಸುತ್ತಿದ್ದ ದಿನಪತ್ರಿಕೆಯ ಸಂಪಾದಕ ಗೆಯೋರ್ಗ್ ಬರ್ನ್‌ಹಾರ್ಡನು ನೇರ ವಿರುದ್ಧ ದಿಕ್ಕಿನಿಂದ ಬಾಣ ಹೂಡಿದನು: ಹೆಸ್ಸೆಯಂತಹ ಪ್ರತಿಷ್ಠಿತರು ಜರ್ಮನಿಯೊಳಗಿನ ಪತ್ರಿಕೆಗೆ ಬರೆಯುವುದರಿಂದ, ಅಲ್ಲಿ ಇನ್ನೂ ಸ್ವಾತಂತ್ರ್ಯವಿದೆಯೆಂದು ಲೋಕವನ್ನು ನಂಬಿಸಲು ಹಿಟ್ಲರನ ಪ್ರಚಾರಮಂತ್ರಿ ಗೊಬೆಲ್ಸನಿಗೆ ಅನುಕೂಲವಾಗುತ್ತಿದೆಯೆಂದು. ಒಬ್ಬನೇ ಮನುಷ್ಯನು ಒಂದೇ ಋತುವಿನಲ್ಲಿ ಯೆಹೂದ್ಯರ ಕೂಲಿಯಾಳೂ ಗೊಬೆಲ್ಸನ ಮರೆಯ ಪರದೆಯೂ ಆದನು.

ಬರ್ನ್‌ಹಾರ್ಡನ ಆಕ್ಷೇಪಣೆಯನ್ನು ವೆಸ್ಪರನ ಬೈಗುಳದೊಂದಿಗೆ ಒಂದೇ ತಕ್ಕಡಿಯಲ್ಲಿಡುವುದು ಅನ್ಯಾಯ. ಮನೆ, ಭಾಷೆ, ಜೀವನೋಪಾಯ ಎಲ್ಲವನ್ನೂ ಕಳೆದುಕೊಂಡು ಪ್ಯಾರಿಸಿನ ಬಾಡಿಗೆಕೋಣೆಗಳಲ್ಲಿ ಕುಳಿತವರಿಗೆ, ಬರ್ಲಿನ್ನಿನಲ್ಲಿ ಇನ್ನೂ ಪುಸ್ತಕ ಮಾರಾಟವಾಗುತ್ತಿದ್ದ ಲೇಖಕನ ಮೌನವು ಉರಿಯುವ ಗಾಯಕ್ಕೆ ಉಪ್ಪಾಗಿದ್ದರೆ ಆಶ್ಚರ್ಯವಿಲ್ಲ. ಹೆಸ್ಸೆಯು ಬಹಿರಂಗವಾಗಿ ಇನ್ನಷ್ಟು ನುಡಿಯಬಹುದಾಗಿತ್ತೆಂದು ನನಗೂ ಅನ್ನಿಸುತ್ತದೆ. ಆದರೆ ಆತನ ಪಕ್ಷದಲ್ಲಿ ಹೇಳಬೇಕಾದುದೂ ಇದೆ. ಜರ್ಮನಿಯೊಳಗೆ ಬಾಯಿಮುಚ್ಚಿ ಕುಳಿತ ಸಾವಿರಾರು ಓದುಗರಿಗೆ ಹೊರಗಿನ ಒಂದು ಕೂದಲೆಳೆಯ ಸಂಬಂಧವಾದರೂ ಉಳಿಯಲಿ ಎಂಬುದು ಆತನ ಆಶಯವಾಗಿದ್ದಿತು, ಮತ್ತು ಯೆಹೂದ್ಯ ಲೇಖಕರ ಹೆಸರುಗಳನ್ನು ಗೌರವದಿಂದ ಅಚ್ಚಿನಲ್ಲಿ ಕಾಣಿಸುವ ಕೆಲಸವನ್ನು ಆತನು ಅಪಾಯವನ್ನರಿತೇ ಮಾಡಿದನು.

ಆ ಜನವರಿಯ ಜಗಳಕ್ಕೆ ಇನ್ನೊಂದು ಮುಖವೂ ಇದ್ದಿತು. ಬರ್ಲಿನ್ನಿನ ಎಸ್. ಫಿಷರ್ ಪ್ರಕಾಶನದ ಉತ್ತರಾಧಿಕಾರಿಯಾದ ಯೆಹೂದ್ಯ ಗಾಟ್‌ಫ್ರೀಡ್ ಬೆರ್ಮನ್ ಫಿಷರನು ತನ್ನ ಸಂಸ್ಥೆಯ ಒಂದು ಭಾಗವನ್ನು ಹೊರದೇಶಕ್ಕೆ ಸಾಗಿಸಲು ಯತ್ನಿಸುತ್ತಿದ್ದಾಗ, ಪ್ಯಾರಿಸಿನ ನಿರಾಶ್ರಿತ ಪತ್ರಿಕೆಯೊಂದು ಆತನನ್ನು ಸರ್ಕಾರದ ರಹಸ್ಯ ಸಹಚರನೆಂದು ದೂರಿತು. ಥಾಮಸ್ ಮನ್, ಹೆಸ್ಸೆ ಮತ್ತು ಲೇಖಕಿ ಆನೆಟ್ ಕೋಲ್ಬ್ ಮೂವರೂ ಜ್ಯೂರಿಚ್‌ನ ‘ನೋಯೆ ಜ್ಯೂರ್ಶರ್ ಜೈಟುಂಗ್’ ಪತ್ರಿಕೆಯಲ್ಲಿ ಇದನ್ನು ಪ್ರತಿಭಟಿಸಿದರು. ಆಗ ಅದೇ ಪತ್ರಿಕೆಯ ಸಾಹಿತ್ಯವಿಭಾಗದ ಮುಖ್ಯಸ್ಥನಾಗಿದ್ದ ಸ್ವಿಸ್ ವಿಮರ್ಶಕ ಎಡುವಾರ್ಡ್ ಕೊರೋಡಿಯು ಜನವರಿ 26ರಂದು ಲೇಖನವೊಂದನ್ನು ಬರೆದು, ಜರ್ಮನಿಯಿಂದ ವಲಸೆಹೋದುದು ಮುಖ್ಯವಾಗಿ ಯೆಹೂದ್ಯರ ಕಾದಂಬರಿ ಉದ್ಯಮವೇ ಹೊರತು ಜರ್ಮನ್ ಸಾಹಿತ್ಯವಲ್ಲವೆಂದು ವಾದಿಸಿದನು. ಈತನೂ ಹೊರಗಿನ ವಿಮರ್ಶಕನೇ. ಸೆರೆಮನೆಯ ಭಯವಾಗಲಿ, ಸಂಸ್ಕೃತಿ ಮಂಡಲಿಯ ಪಟ್ಟಿಯಾಗಲಿ ಈತನನ್ನು ಬಾಧಿಸುತ್ತಿರಲಿಲ್ಲ. ಆದರೂ ಗಡಿಯಾಚೆಯ ವಿಂಗಡಣೆಯನ್ನೇ ತನ್ನ ಅಳತೆಗೋಲನ್ನಾಗಿ ಮಾಡಿಕೊಂಡನು. ದೂರದಿಂದ ನೋಡುವವನಿಗೆ ನಿಷ್ಪಕ್ಷಪಾತವು ಸಹಜಸಿದ್ಧವಲ್ಲ. ಕೊರೋಡಿಗೂ ಹೆಸ್ಸೆಗೂ ಇದ್ದ ಅಂತರವು ದೇಶದ್ದಲ್ಲ, ಓದಿನ ಪ್ರಾಮಾಣಿಕತೆಯದು.

ಮೂರು ವರ್ಷ ಬಹಿರಂಗವಾಗಿ ಏನನ್ನೂ ಹೇಳದೆ ಜ್ಯೂರಿಚ್‌ನ ಬಳಿ ವಾಸಿಸುತ್ತಿದ್ದ ಥಾಮಸ್ ಮನ್ನನು, ಕೊರೋಡಿಯ ಲೇಖನದಿಂದ ಕೆರಳಿ, ಫೆಬ್ರವರಿ 3ರಂದು ಅದೇ ಪತ್ರಿಕೆಯಲ್ಲಿ ತನ್ನ ಉತ್ತರವನ್ನು ಪ್ರಕಟಿಸಿ, ತಾನು ದೇಶಾಂತರಿಗಳ ಪಂಗಡದವನೇ ಎಂದು ಸಾರಿದನು. ಡಿಸೆಂಬರಿನಲ್ಲಿ ಆತನ ಜರ್ಮನ್ ಪೌರತ್ವವು ರದ್ದಾಯಿತು. ಬಾನ್ ವಿಶ್ವವಿದ್ಯಾಲಯವು ತಾನಿತ್ತಿದ್ದ ಗೌರವಪದವಿಯನ್ನು ಹಿಂದೆಗೆದುಕೊಂಡಿತು. ಒಂದು ಪುಸ್ತಕವಿಮರ್ಶೆಯ ವಾದವು ಜರ್ಮನ್ ಸಾಹಿತ್ಯದ ಅಗ್ರಗಣ್ಯನನ್ನು ತನ್ನ ದೇಶದಿಂದ ಬಿಡಿಸಿದ ಕಥೆಯಿದು.

ಕೊರೋಡಿಯ ಲೇಖನ ಹೊರಟ ಆ ಚಳಿಗಾಲದಲ್ಲಿ ನಮ್ಮವರ ಕಣ್ಣುಗಳೂ ಆ ದೇಶದ ಮೇಲಿದ್ದವು. 1935ರ ಸೆಪ್ಟೆಂಬರಿನಲ್ಲಿ ಸೆರೆಮನೆಯಿಂದ ಬಿಡುಗಡೆಯಾದ ಜವಾಹರಲಾಲ ನೆಹರೂ ಅವರು, ರೋಗಶಯ್ಯೆಯಲ್ಲಿದ್ದ ಕಮಲಾ ಅವರ ಬಳಿಗೆ ಕರಿಯಕಾಡಿನ ದಕ್ಷಿಣದ ಬಾಡೆನ್‌ವೈಲರ್ ಎಂಬ ಊರಿಗೆ ಧಾವಿಸಿ, ಸರ್ವಾಧಿಕಾರದ ದಿನಚರಿಯನ್ನು ಹತ್ತಿರದಿಂದ ಕಂಡರು. ಗುಂಡರ್ಟರ ಕಾಲ್ವ್ ಅದೇ ಕರಿಯಕಾಡಿನ ಉತ್ತರದ ಅಂಚಿನಲ್ಲಿದೆ. ಅದೇ ತಿಂಗಳುಗಳಲ್ಲಿ, ಗಾಟಿಂಗೆನ್ನಿನ ಪೀಠದಿಂದ ಯೆಹೂದ್ಯನೆಂಬ ಕಾರಣಕ್ಕೆ ತಳ್ಳಲ್ಪಟ್ಟ ಭೌತವಿಜ್ಞಾನಿ ಮಾಕ್ಸ್ ಬಾರ್ನರು, ಸಿ. ವಿ. ರಾಮನ್ ಅವರ ಕರೆಯ ಮೇರೆಗೆ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಉಪನ್ಯಾಸಗಳನ್ನು ಕೊಡುತ್ತಿದ್ದರು. ಅವರನ್ನು ಇಲ್ಲಿಯೇ ಉಳಿಸಿಕೊಳ್ಳಬೇಕೆಂಬ ರಾಮನ್ನರ ಯತ್ನವು ಫಲಿಸದೆ, 1936ರಲ್ಲಿ ಅವರು ಎಡಿನ್‌ಬರೋಗೆ ಹೋದರು. ಮೂರು ವರ್ಷಗಳ ತರುವಾಯ ಅವರ ಸೋದರಿಯ ಮಗ ಆಟೋ ಕೊನಿಗ್ಸ್‌ಬರ್ಗರ್, ತಾನೂ ಬರ್ಲಿನ್ನಿನಿಂದ ಹೊರಬಿದ್ದವನು, ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದು ಅದೇ ವಿಜ್ಞಾನಮಂದಿರದ ಕಟ್ಟಡಗಳಿಗೂ ರೂಪ ಕೊಟ್ಟನು. ಮೋಗ್ಲಿಂಗರನ್ನೂ ಕಿಟ್ಟೆಲರನ್ನೂ ಕಳುಹಿಸಿದ ಜರ್ಮನಿಯು ಕನ್ನಡನಾಡಿಗೆ ಎರಡನೆಯ ಸಲ ವಿದ್ವಾಂಸರನ್ನು ಕಳುಹಿಸಿದುದು ಹೀಗೆ, ಹೊರದೂಡಿ.

1936ರ ನವೆಂಬರ್ ಕೊನೆಯ ವಾರದಲ್ಲಿ ಗೊಬೆಲ್ಸನು ಹೊರಡಿಸಿದ ಆಜ್ಞೆಯೊಂದನ್ನು ಸಾಹಿತ್ಯದ ಇತಿಹಾಸಕಾರರು ಮರೆಯಬಾರದು. ಕಲಾವಿಮರ್ಶೆಯು ಇನ್ನು ಮುಂದೆ ಜರ್ಮನಿಯಲ್ಲಿ ಇರಕೂಡದು, ಅದರ ಬದಲಿಗೆ ಕೇವಲ ವರದಿಯಿರಬೇಕು, ಗುಣದೋಷಗಳ ತೀರ್ಪು ಪಕ್ಷಕ್ಕೂ ಸರ್ಕಾರಕ್ಕೂ ಸೇರಿದುದು ಎಂಬುದು ಅದರ ಸಾರ. ಭಾಮಹ ದಂಡಿಗಳಿಂದ, ಕವಿರಾಜಮಾರ್ಗದಿಂದ ತೊಡಗಿ, ಗುಣವಿದು ದೋಷವಿದು ಎಂದು ಎತ್ತಿಹೇಳುವುದನ್ನೇ ಕಾವ್ಯವಿಚಾರದ ಧರ್ಮವೆಂದು ಬಗೆದ ಪರಂಪರೆಯಲ್ಲಿ ಬೆಳೆದವರಿಗೆ ಈ ಆಜ್ಞೆಯ ಅನರ್ಥವು ಒಡನೆ ಹೊಳೆಯುತ್ತದೆ. ಓದುಗನೊಬ್ಬನು ಒಂದು ಪದ್ಯವನ್ನು ಚೆನ್ನಾಗಿಲ್ಲವೆನ್ನುವ ಅಧಿಕಾರವನ್ನು ಕಳೆದುಕೊಂಡ ಮೇಲೆ, ಚೆನ್ನಾಗಿದೆಯೆನ್ನುವ ಮಾತಿಗೂ ಬೆಲೆಯುಳಿಯುವುದಿಲ್ಲ. ಹೀಗೆ ಜರ್ಮನ್ ಸಾಹಿತ್ಯದ ವಿಮರ್ಶೆಯು ಜರ್ಮನಿಯ ಹೊರಗಿನವರ ಪಾಲಿಗೆ ಉಳಿಯಿತು. ವಿಪರ್ಯಾಸವೆಂದರೆ ಆ ವರ್ಷದಲ್ಲಿಯೇ ಹೆಸ್ಸೆಯು, ಎರಡು ಕಡೆಗಳ ಪ್ರಹಾರಗಳಿಂದ ಬೇಸತ್ತು, ಸ್ವೀಡನ್ನಿನ ವರದಿಗಳನ್ನು ನಿಲ್ಲಿಸಿದ್ದನು.

ಮುಂದಿನ ವರ್ಷಗಳಲ್ಲಿ ಆತನ ಪುಸ್ತಕಗಳನ್ನು ನಿಷೇಧಿಸಲಿಲ್ಲ, ಬಾಳಗೊಡಲೂ ಇಲ್ಲ. ‘ನಾರ್ಸಿಸ್ಸಸ್ ಮತ್ತು ಗೋಲ್ಡ್‌ಮಂಡ್’ ಕಾದಂಬರಿಯಲ್ಲಿ ಯೆಹೂದ್ಯರ ಹತ್ಯಾಕಾಂಡವನ್ನು ವರ್ಣಿಸುವ ಭಾಗವನ್ನು ಕಿತ್ತುಹಾಕಲು ಆತನು ಒಪ್ಪದಿದ್ದುದರಿಂದ ಅದರ ಮರುಮುದ್ರಣವು ನಿಂತಿತು. ಉಳಿದವಕ್ಕೆ ಕಾಗದವಿಲ್ಲವೆಂಬ ಉತ್ತರ ಬಂದಿತು. ಹನ್ನೊಂದು ವರ್ಷ ಕುಳಿತು ಬರೆದ ‘ಗಾಜಿನ ಮಣಿಗಳ ಆಟ’ಕ್ಕೆ ಬರ್ಲಿನ್ನಿನ ಅನುಮತಿ ದೊರೆಯದೆ, 1943ರ ನವೆಂಬರಿನಲ್ಲಿ ಅದು ಜ್ಯೂರಿಚ್‌ನಿಂದ ಎರಡು ಸಂಪುಟಗಳಲ್ಲಿ ಹೊರಬಂದಿತು. ಆ ಗ್ರಂಥದ ಕೊನೆಯಲ್ಲಿ ಸೇರಿಸಿರುವ ಮೂರು ಕಲ್ಪಿತ ಜೀವನಚರಿತ್ರೆಗಳಲ್ಲಿ ಕಡೆಯದು ದಾಸನೆಂಬ ರಾಜಕುಮಾರನಿಗೆ ಕಾಡಿನ ಯೋಗಿಯೊಬ್ಬನು ಮಾಯೆಯನ್ನು ತೋರಿಸಿಕೊಡುವ ಭಾರತದ ಕಥೆ. ಹಾವರನ ಗೀತೆಯಲ್ಲಿ ಕಾಣದ ಭಾರತವು ಇಲ್ಲಿ ಕಾಣುತ್ತದೆ. ಬರ್ಲಿನ್ನಿನಲ್ಲಿ ಹೆಸ್ಸೆಯ ಪುಸ್ತಕಗಳನ್ನು ಕಾಯ್ದುಕೊಂಡಿದ್ದ ಪ್ರಕಾಶಕ ಪೀಟರ್ ಸೂರ್‌ಕಾಂಪನನ್ನು 1944ರ ಏಪ್ರಿಲ್‌ನಲ್ಲಿ ಗುಪ್ತ ಪೊಲೀಸರು ಬಂಧಿಸಿ ಜೀವವನ್ನಷ್ಟೇ ಉಳಿಸಿ ಕಳುಹಿಸಿದರು. 1946ರಲ್ಲಿ ಹೆಸ್ಸೆಗೆ ನೊಬೆಲ್ ಪಾರಿತೋಷಕ ಸಂದಿತು. ಅದೇ ವರ್ಷ ‘ಗಾಜಿನ ಮಣಿಗಳ ಆಟ’ವು ಸೂರ್‌ಕಾಂಪನ ಮೂಲಕ ಜರ್ಮನಿಯ ಓದುಗರ ಕೈಸೇರಿತು.

ಹಾವರನು ಯುದ್ಧಾನಂತರ ಎರಡು ವರ್ಷ ಬಂಧನದಲ್ಲಿದ್ದನು. ವಿಲ್ಹೆಲ್ಮ್ ಗುಂಡರ್ಟನು 1945ರಲ್ಲಿ ಹುದ್ದೆಯನ್ನು ಕಳೆದುಕೊಂಡು, ವೃದ್ಧಾಪ್ಯದ ಬಹುವರ್ಷಗಳನ್ನು ಚೀನಾದೇಶದ ಧ್ಯಾನಪಂಥದ ಪ್ರಾಚೀನ ಗ್ರಂಥವಾದ ‘ಬಿ ಯನ್ ಲು’ವಿನ ಅನುವಾದಕ್ಕೆ ಮುಡಿಪಾಗಿಟ್ಟು, 1960ರಲ್ಲಿ ಅದರ ಮೊದಲ ಸಂಪುಟವನ್ನು ಪ್ರಕಟಿಸಿದನು. ಎಂಬತ್ತು ದಾಟಿದ್ದ ಹೆಸ್ಸೆಯು ಮೊಂಟಾನ್ಯೋಲಾದಲ್ಲಿ ಅದನ್ನು ಆದ್ಯಂತ ಓದಿ, ‘ಗಾಜಿನ ಮಣಿಗಳ ಆಟ’ದ ನಾಯಕನು ಮಿತ್ರನಿಗೆ ಬರೆದ ಪತ್ರದ ರೂಪದಲ್ಲಿ ಅದರ ಮಹತ್ವವನ್ನು ಕುರಿತು ಬರೆದನು.